ಹಿಮಕ್ಕೆ ಅಗಲ ಟೈರು

ಗೊತ್ತಿಲ್ಲ ಎಂದು ಹೇಳುವುದು ಕೆಲವರಿಗೆ ಎಷ್ಟು ಸಲೀಸು! ದಾರಿ ಕೇಳಿದರೂ, ಔಷಧ ಕೇಳಿದರೂ ‘ನನಗ ಗೊತ್ತಿಲ್ರಿ’ ಎಂದು ಹಾಯಾಗಿ ಮುಂದೆ ಹೋಗಿಬಿಡುತ್ತಾರೆ. ನನಗೆ ಆ ಭಾಗ್ಯವಿಲ್ಲ. ಯಾರಾದರೂ ಏನಾದರೂ ಕೇಳಿದರೆ, ಉತ್ತರ ಗೊತ್ತಿದೆಯೋ ಇಲ್ಲವೋ ಎಂದು ನಾನು ನನ್ನನ್ನೇ ವಿಚಾರಿಸಿಕೊಳ್ಳುವ ಮೊದಲೇ ಬಾಯಿ ಉತ್ತರ ಕೊಟ್ಟಾಗಿರುತ್ತದೆ. ಗೋವೆಯ ಮಡಗಾಂವಿಗೆ ಬಂದ ಹೊಸತರಲ್ಲಿ, ಕೊಂಕಣಿಯ ನಾಲ್ಕು ಮಾತೂ ಬಾರದಿದ್ದಾಗಲೇ, ಸಮುದ್ರ ನೋಡಲು ಹೊರಟಿದ್ದ ಒಬ್ಬನನ್ನು ಭಾರೀ ಆತ್ಮವಿಶ್ವಾಸದಿಂದ ಕಾರವಾರದ ಬಸ್ಸಿಗೆ ಹತ್ತಿಸಿ ಕೈ ಬೀಸಿದವನು ನಾನು. ಕಾರವಾರದಲ್ಲೂ ಸಮುದ್ರವಿದೆ ಎಂದು ಆಮೇಲೆ ಸಮಾಧಾನ ಮಾಡಿಕೊಂಡೆ. ಹಿಮದ ಟೈರಿನ ಪ್ರಕರಣದಲ್ಲಿ ಮಾತ್ರ ಅಂಥ ಯಾವ ಸಮಾಧಾನವೂ ಸಿಗಲಿಲ್ಲ.

ನಾನು ಕೆಲಸ ಮಾಡುವುದು ಮೀನು ಹೆಪ್ಪುಗಟ್ಟಿಸುವ ಒಂದು ಕಾರ್ಖಾನೆಯಲ್ಲಿ. ಧಾರವಾಡದ ಬದನೆಕಾಯಿ ಪಲ್ಯ ತಿಂದು ಬೆಳೆದವನಿಗೆ ಮೀನಿನ ನೌಕರಿ ಹೇಗೆ ಗಂಟುಬಿತ್ತು ಎನ್ನುವುದು ಬೇರೆಯೇ ಕಥೆ. ನನ್ನ ಮೇಜು ಶೀತಕೋಣೆಯ ಬಾಗಿಲಿಗೆ ಹತ್ತಿಕೊಂಡೇ ಇರುವುದರಿಂದ, ಗೋವೆಯೆಲ್ಲ ಬೆವರು ಒರೆಸಿಕೊಳ್ಳುವ ಮೇ ತಿಂಗಳಲ್ಲಿ ನಾನು ಮಂಕಿ ಕ್ಯಾಪು ಹಾಕಿಕೊಂಡು ಕೂತಿರುತ್ತೇನೆ. ಆ ವೇಷದಲ್ಲಿ ಒಮ್ಮೆ ತೆಗೆಸಿಕೊಂಡ ಫೋಟೋ ಮಾವನ ಮನೆಗೆ ಹೋಯಿತು. ಅಂದಿನಿಂದ ಅಲ್ಲಿ ನಾನು ಹಿಮಾಲಯವನ್ನು ಅರೆದು ಕುಡಿದವನು.

ಹೆಂಡತಿ ಸುಧಾಳ ತಮ್ಮ ಗುರುರಾಜ ಬ್ಯಾಂಕಿನಲ್ಲಿ ಆಫೀಸರು. ಅವನಿಗೆ ಹಿಮಾಚಲದ ಯಾವುದೋ ಗುಡ್ಡದ ಊರಿಗೆ ವರ್ಗವಾಯಿತು. ಹೆಂಡತಿಯನ್ನೂ ಐದು ವರ್ಷದ ಮಗಳು ಅನಘಾಳನ್ನೂ ಕರೆದುಕೊಂಡು ಹೋದ. ಚಳಿ ಶುರುವಾಗುವ ಹೊತ್ತಿಗೆ ಫೋನು ಬಂತು.

“ಮಾಮಾರ, ಕಾರ್ ತಗೋಬೇಕಂತ ಮಾಡೇನಿ. ಇಲ್ಲೆ ಎರಡು ತಿಂಗಳು ಬರೇ ಬರ್ಫ ಅಂತ. ಅನಘಾನ ಸಾಲಿಗೆ ಬಿಡಬೇಕು, ದಾರಿಯೆಲ್ಲಾ ಇಳಿಜಾರು. ಎಂಥಾ ಗಾಡಿ, ಎಂಥಾ ಟೈರ್ ಅಂತ ನಿಮ್ಮನ್ನ ಬಿಟ್ಟು ಯಾರನ್ನ ಕೇಳ್ಲಿ? ನೀವಂತೂ ದಿನಾ ಬರ್ಫದಾಗ ಇರೋರು.”

ನನ್ನಲ್ಲಿ ಕಾರಿಲ್ಲ. ಇರುವುದು ಒಂದು ಸ್ಕೂಟರು, ಅದರ ಟೈರು ಬದಲಿಸುವಾಗಲೂ ನಾನು ಪಕ್ಕದ ಗೂಡಂಗಡಿಯಲ್ಲಿ ಚಹಾ ಕುಡಿಯುತ್ತಿರುತ್ತೇನೆ. ಆದರೂ ಬಾಯಿ ಸುಮ್ಮನಿರಬೇಕಲ್ಲ!

“ವಜ್ಜ ಇರೋ ಗಾಡಿ ತಗೋಪಾ. ಟೈರ್ ಅಗಲಂದು ಹಾಕಸು. ಎಷ್ಟು ಅಗಲ ಇರ್ತದೋ ಅಷ್ಟು ಹಿಡಿತ. ಕಣ್ಣು ಮುಚ್ಚಿ ಹಾಕಸು.”

ಭಾರದ ಗಾಡಿ, ಅಗಲದ ಟೈರು ಎಂಬ ಈ ಜ್ಞಾನ ಎಲ್ಲಿಂದ ಬಂತು ಎಂದು ಕೇಳಿದರೆ ನಾಚಿಕೆಯಾಗುತ್ತದೆ. ನನ್ನ ಪಾದ ಅಗಲ. ಬಚ್ಚಲಲ್ಲಿ ನಾನು ಇದುವರೆಗೆ ಜಾರಿಲ್ಲ. ಇಷ್ಟೇ ಆಧಾರ.

ಮರುದಿನವೇ ಕಾರ್ಖಾನೆಯ ಅಂಗಳದಲ್ಲಿ ಪುಡಿ ಐಸಿನ ಒಂದು ಗುಡ್ಡೆ ಚೆಲ್ಲಿತ್ತು. ನಮ್ಮ ಪಿಕಪ್ ಗಾಡಿ ಅದರ ಮೇಲೆ ಬಂದದ್ದೇ ತಡ, ಚಕ್ರ ಗರಗರ ತಿರುಗಿತು, ಗಾಡಿ ಮಾತ್ರ ಅಡ್ಡಡ್ಡ ಜಾರಿ ಗೋಡೆಗೆ ಗುದ್ದಿತು. ಡ್ರೈವರ್ ಮಲ್ಲಪ್ಪ, ವಿಜಯಪುರದ ಕಡೆಯವನು, ಹಿಂದೆ ಅದಿರಿನ ಲಾರಿ ಓಡಿಸಿದವನು, ಇಳಿದು ಬಂದು ಟೈರಿಗೆ ಒದ್ದ.

“ಈ ಅಗಲ ಟೈರ್ ಹಾಕಿಸಿದಾಗಿಂದ ಇದ ಹಣೇಬರಾ ನೋಡ್ರಿ ಸಾಹೇಬ್ರ. ಸಣ್ಣ ಟೈರ್ ಆದ್ರ ಕೊರಕೊಂಡು ಹೋಗಿ ನೆಲಾ ಹಿಡೀತಾವು. ಇವು ಮ್ಯಾಲೇ ತೇಲಾಕತ್ತಾವು.”

“ಗಾಡಿ ವಜ್ಜ ಇದ್ರ ನಡೀತದಲ್ಲ?” ಎಂದು ಆಸೆಯಿಂದ ಕೇಳಿದೆ.

“ವಜ್ಜ ಇದ್ರ ಇನ್ನೂ ಕೆಟ್ಟರಿ. ಇಳಿಜಾರಿನ್ಯಾಗ ಒಮ್ಮೆ ಜಾರಾಕ ಹತ್ತಿತಂದ್ರ ನಿಂದ್ರೂ ಮಾತೇ ಇಲ್ಲ.”

ಮಂಕಿ ಕ್ಯಾಪಿನೊಳಗೇ ಬೆವತೆ. ಸಂಜೆ ಪೇಟೆಯ ಟೈರ್ ಅಂಗಡಿಗೆ ಹೋಗಿ, ಬರ್ಫದ ಮೇಲೆ ಎಂಥ ಟೈರು ಒಳ್ಳೆಯದು ಎಂದು ಕೇಳಿದೆ. ಅಂಗಡಿಯವನು “ಬರ್ಫ್? ಗೊಂಯಾಂತ್?” ಎಂದು ನಕ್ಕು, ಗೋವೆಯಲ್ಲಿ ಹಿಮ ಹುಡುಕುವ ಈ ಗಿರಾಕಿಯನ್ನು ಒಳಗಿದ್ದ ಹೆಂಡತಿಗೂ ಕರೆದು ತೋರಿಸಿದ. ಕೊನೆಗೆ ಅವನು ಹೇಳಿದ್ದೂ ಮಲ್ಲಪ್ಪ ಹೇಳಿದ್ದನ್ನೇ.

ಒಂದು ಫೋನು ಮಾಡಿ ‘ನಾ ಹೇಳಿದ್ದು ತಪ್ಪಪಾ’ ಎಂದರೆ ಮುಗಿಯುತ್ತಿತ್ತಲ್ಲ ಎಂದು ನೀವು ಕೇಳಬಹುದು. ಮೂರು ಸಲ ಫೋನು ಮಾಡಿದೆ. ಮೊದಲ ಸಲ ‘ಊಟ ಆತೇನು?’ ಎಂದು ಕೇಳಿದೆ. ಎರಡನೆಯ ಸಲ ಅಲ್ಲಿ ಬಟಾಟಿ ಹೇಗಿರುತ್ತವೆ ಎಂದು ವಿಚಾರಿಸಿದೆ. ಮೂರನೆಯ ಸಲ ಲೈನು ಸಿಗಲಿಲ್ಲ. ದೇವರು ದೊಡ್ಡವನು ಎಂದುಕೊಂಡೆ. ಇಪ್ಪತ್ತು ವರ್ಷ ದೊಡ್ಡ ಅಳಿಯನಾಗಿ ಮೆರೆದ ನಾಲಿಗೆಗೆ ‘ತಪ್ಪು’ ಎಂಬ ಎರಡಕ್ಷರ ಹೊರಳುವುದಿಲ್ಲ, ಏನು ಮಾಡಲಿ? ಅಷ್ಟರಲ್ಲಿ ಟಿವಿಯವರು ಹಿಮಾಚಲದಲ್ಲಿ ಹಿಮ ಬೀಳುವುದನ್ನು ತೋರಿಸತೊಡಗಿದರು. ನಿರೂಪಕಿ ಎಷ್ಟು ಚೆಂದ ಎನ್ನುತ್ತಿದ್ದಳು. ನನಗೆ ಕಾಣುತ್ತಿದ್ದದ್ದು ಒಂದೇ: ಇಳಿಜಾರು, ಅಗಲ ಟೈರು, ಹಿಂದಿನ ಸೀಟಿನಲ್ಲಿ ಪಾಟಿಚೀಲ ಹಿಡಿದ ಅನಘಾ. ಖರೇ ಹೇಳುತ್ತೇನೆ, ನಗೆಯ ಮಾತಲ್ಲ, ಊಟ ಅರ್ಧಕ್ಕೇ ಬಿಟ್ಟು ಎದ್ದುಬಿಡುತ್ತಿದ್ದೆ.

ಒಂಬತ್ತನೆಯ ದಿನ, ರವಿವಾರ ಬೆಳಿಗ್ಗೆ, ಸುಧಾ ತಾಟಿನಲ್ಲಿ ಹಾಗೇ ಉಳಿದ ಅವಲಕ್ಕಿ ನೋಡಿ, “ಏನಾಗೇದ ಹೇಳ್ರಿ ನೀವು. ಇಲ್ಲಾಂದ್ರ ಡಾಕ್ಟರ್ ಕಡೆ ನಡೀರಿ” ಎಂದಳು. ಎಲ್ಲವನ್ನೂ ಹೇಳಿಬಿಟ್ಟೆ. ಆಕೆ ಸಿಟ್ಟಾಗಲಿಲ್ಲ. ತಮ್ಮನಿಗೆ ಫೋನು ಹಚ್ಚಿ, ಸ್ಪೀಕರ್ ಹಾಕಿ ನನ್ನ ಮುಂದಿಟ್ಟಳು. ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ.

“ಗುರು, ಆ ಅಗಲ ಟೈರ್ ಬ್ಯಾಡೋ, ತಗಸು. ನಾ ಹೇಳಿದ್ದು ತಪ್ಪದ” ಎಂದೆ ಒಂದೇ ಉಸಿರಿಗೆ.

“ಅಯ್ಯ ಮಾಮಾರ, ಅದಕ್ಯಾಕ ಇಷ್ಟು ಗಾಬರಿ? ನಿಮಗ ಫೋನ್ ಮಾಡೂಕಿಂತ ಮೊದ್ಲ ಸಣ್ಣ ಗಾಡಿ ತಗೊಂಡಾಗಿತ್ತು. ನಮ್ಮ ಬ್ಯಾಂಕಿನ ಪ್ಯೂನ್ ಇಲ್ಲಿಯವನ. ಅವನೇ ಮುಂದ ನಿಂತು ಸಣ್ಣ ಟೈರ್ ಹಾಕಿಸ್ಯಾನ, ಬರ್ಫದಾಗ ಟೈರಿಗೆ ಸುತ್ತೂ ಚೈನೂ ಕೊಡಿಸ್ಯಾನ. ಬರ್ಫ ಬಿದ್ದ ದಿನಾ ಇಲ್ಲೆ ಯಾರೂ ಗಾಡಿ ತಗಿಯೂದೇ ಇಲ್ಲ. ಅನಘಾ ಸಾಲಿಗೆ ನಡಕೋತ ಹೋಗ್ತಾಳ.”

ಹೋದ ಜೀವ ಬಂದಂತಾಯಿತು. ಕಣ್ಣು ಒರೆಸಿಕೊಂಡೆ. ಒರೆಸಿಕೊಂಡ ಮೇಲೆ ಕೇಳಿದೆ: “ಮತ್ತ ನನ್ನ ಯಾಕ ಕೇಳಿದ್ಯೋ?”

“ಅಲ್ಲಾ, ದೊಡ್ಡ ಅಳಿಯಂದ್ರು ನೀವು… ಅಕ್ಕಾನೂ ಹೇಳಿದ್ಲು, ಒಂದ್ ಮಾತು ಅವರ್ನ ಕೇಳು, ಇಲ್ಲಾಂದ್ರ ಮಾರಿ ಊದಿಸ್ಕೊಂಡು ಕೂಡ್ತಾರಂತ.”

ಅವನ ಅಕ್ಕನ ಕಡೆ ನೋಡಿದೆ. ಆಕೆ ಅವಲಕ್ಕಿಗೆ ಮತ್ತೆ ಶೇಂಗಾ ಹಾಕುವುದರಲ್ಲಿ ಮಗ್ನಳಾಗಿದ್ದಳು. ಫೋನು ಇಟ್ಟ ಮೇಲೆ ನನಗೆ ಸಮಾಧಾನವಾಗಬೇಕಿತ್ತು, ಆಯಿತು ಕೂಡ. ಆದರೆ ಅದರ ಬೆನ್ನಿಗೇ ಇನ್ನೇನೋ ಕುಟುಕತೊಡಗಿತು. ಇಷ್ಟು ವರ್ಷದ ಅಳಿಯನ ಮಾತಿಗಿಂತ ಪ್ಯೂನನ ಮಾತು ಹೆಚ್ಚಾಯಿತೇ? “ಬ್ಯಾಂಕಿನ ಆಫೀಸರ್ ಆದ್ರ ಆತೇನು, ಹಿರಿಯರ ಮಾತಿಗೆ ಒಂದು ಬೆಲಿ ಬ್ಯಾಡೇನು?” ಎಂದು ಗೊಣಗಿದೆ. ಸುಧಾ ತಾಟನ್ನು ನನ್ನ ಮುಂದೆ ಸರಿಸಿ, ಮೆತ್ತಗೆ ಕೇಳಿದಳು: “ಹಂಗಾರ ಮತ್ತ ಫೋನ್ ಹಚ್ಲೇನು? ಅಗಲ ಟೈರ್ ಹಾಕಿಸ್ಕೊ ಅಂತ ಹೇಳ್ತೇನಿ.”

ಬ್ಯಾಡ ಎಂದೆ. ಆದರೆ ಹಾಗೆನ್ನುವ ಮೊದಲು ನಾನು ಒಂದು ಗಳಿಗೆ ಯೋಚನೆ ಮಾಡಿದ್ದು ಆಕೆಯ ಕಣ್ಣಿಗೆ ಬಿತ್ತು.