ಯೊಕೊತೆ ಬಂತೇನು?

ಮಸ್ಕಿಯ ಆದೆಪ್ಪ ಹೆಂಡತಿಗೆ ಹೇಳಬೇಕಿದ್ದದ್ದು ಒಂದೇ ಮಾತು. ಅದನ್ನು ಹೇಳಲಾಗದೆ ಅವನು ಜಪಾನಿನ ರಸ್ತೆಯೊಂದನ್ನು ಬಾಯಿಪಾಠ ಮಾಡಿಬಿಟ್ಟಿದ್ದ.

ಹೆಂಡತಿ ಭಾರತಿ ಅಲ್ಲಿನ ಯೊಕೊತೆ ಎಂಬ ಊರಿಗೆ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸಕ್ಕೆ ಹೋಗಿ ಮೂರು ವರ್ಷವಾಗಿತ್ತು. ವಾರಕ್ಕೊಮ್ಮೆ ಅಜ್ಜ ಅಜ್ಜಿಯರನ್ನು ಅಕಿತಾ ಪಟ್ಟಣದ ಆಸ್ಪತ್ರೆಗೆ ಬಿಟ್ಟು, ಟೋಲ್ ಹೆದ್ದಾರಿಯ ಮೇಲೆ ಖಾಲಿ ವ್ಯಾನಿನಲ್ಲಿ ಮರಳುವಾಗ ಫೋನ್ ಮಾಡುತ್ತಿದ್ದಳು. ಇತ್ತ ಫೋನ್ ಬಂದದ್ದೇ ತಡ, ಆದೆಪ್ಪನ ತಾಯಿ ಶಿವಬಸಮ್ಮ ಸ್ಪೀಕರ್ ಒತ್ತಿ ಅದನ್ನು ಕಟ್ಟೆಯ ಮೇಲಿಡುವಳು. ಪಕ್ಕದ ಮನೆಯ ಹುಸೇನ್‌ಬೀ ಅಕ್ಕಿಯ ಮೊರ ಹಿಡಿದೇ ಬರುವಳು. ಎದುರು ಮನೆಯ ಬಸ್ಸಪ್ಪ ಕಾಕಾ ಕುರ್ಚಿ ಸಮೇತ ಹಾಜರು. ಇಷ್ಟು ಮಂದಿಯ ನಡುವೆ ಹೆಂಡತಿಗೆ "ನಿನ್ನ ನೆನಪಾಗತೈತಿ" ಅನ್ನುವ ಗಂಡಸು ಆ ಓಣಿಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಒಬ್ಬನೇ ಇದ್ದಾಗ ಮಾತಾಡಬಹುದಿತ್ತಲ್ಲ ಎಂದರೆ, ಒಬ್ಬನೇ ಇರುವುದು ಯಾವಾಗ? ಮನೆಯಲ್ಲಿ ಓಣಿ, ಅವನು ಓಡಿಸುವ ಕ್ರೂಸರ್ ಗಾಡಿಯಲ್ಲಿ ಲಿಂಗಸುಗೂರಿನವರೆಗೂ ಮಂದಿ.

ಹಾಗಾಗಿ ಆದೆಪ್ಪ ರಸ್ತೆಯನ್ನು ಕೇಳುತ್ತಿದ್ದ, ದಾರಿಯ ಊರುಗಳನ್ನು ಒಂದೊಂದಾಗಿ.

"ಕ್ಯೋವಾ ಬಂತೇನು?"

"ಆಗಲೇ ಹಿಂದ ಬಿತ್ರೀ."

"ಒಮಾಗರಿ?"

"ಈಗ ದಾಟಾಕತ್ತೀವಿ. ಎರಡೂ ಕಡಿ ಭತ್ತದ ಗದ್ದಿ, ನಮ್ಮ ಗೊರೇಬಾಳ ಇದ್ದಂಗ."

"ಅಲ್ಲೂ ಟೋಲ್ ತಪ್ಪಿಸಾಕ ಕಾಲುವಿ ದಂಡಿ ಐತೇನು ಕೇಳಲೇ," ಎಂದು ನಡುವೆ ಬಸ್ಸಪ್ಪ.

ಯೊಕೊತೆ ಬಂತೆಂದರೆ ಫೋನ್ ಇಡುವ ಹೊತ್ತು. ಆ ಊರು ಇನ್ನೂ ಸ್ವಲ್ಪ ದೂರವಿರಬಾರದಿತ್ತೇ ಎಂದು ಆದೆಪ್ಪನಿಗೆ ಪ್ರತಿ ಸಲವೂ ಅನ್ನಿಸುತ್ತಿತ್ತು.

ಇವತ್ತು ಭಾರತಿ ಬರುವವಳಿದ್ದಳು. ಹೈದರಾಬಾದಿನ ಬಸ್ಸಿಳಿದು ಸಿಂಧನೂರಿನಲ್ಲಿ ಕಾಯುತ್ತೇನೆ ಅಂದಿದ್ದಳು. ರಜೆ ಮುಗಿಸಿ ಮತ್ತೆ ಹೊರಟುಬಿಡುವಳಲ್ಲ ಎಂಬ ಸಂಕಟ ಆದೆಪ್ಪನಿಗೆ ಈಗಲೇ ಶುರುವಾಗಿತ್ತು. ಒಬ್ಬನೇ ಹೋಗಬೇಕು, ಬರುವಾಗ ದಾರಿಯಲ್ಲಿ ಗಾಡಿ ನಿಲ್ಲಿಸಿ ಹೇಳಿಬಿಡಬೇಕು ಎಂದುಕೊಂಡ. ಗಾಡಿಯಲ್ಲಿ ಕೂತು ಕನ್ನಡಿ ನೋಡುತ್ತ ಅಭ್ಯಾಸ ಮಾಡಿದ: "ನೀ ಇಲ್ಲದ ಮನಿ ಮನಿ ಅನಸಂಗಿಲ್ಲ. ಇನ್ನ ಹೋಗಬ್ಯಾಡ."

ಕನ್ನಡಿಯಲ್ಲಿ ಹುಸೇನ್‌ಬೀ ಕಂಡಳು.

"ಯಾರ ಜೋಡಿ ಮಾತಾಡಾಕತ್ತೀ ಬೇಟಾ?" ಹಿಂದಿನ ಸೀಟಿನಲ್ಲಿ ಸಿಹಿ ಮಾದಲಿಯ ಡಬ್ಬಿ ಹಿಡಿದು ಅವಳು ಆಗಲೇ ಕೂತಾಗಿತ್ತು. ಅವಳ ಹಿಂದೆಯೇ ಶಿವಬಸಮ್ಮ ಹತ್ತಿದಳು. ಮುಂದಿನ ಸೀಟಿಗೆ ಯಾರೂ ಕರೆಯದ ಬಸ್ಸಪ್ಪ ಬಂದು ಕೂತ.

ಗೊರೇಬಾಳದ ಹತ್ತಿರ ಬಂದಾಗ ಬಸ್ಸಪ್ಪ ಕೈ ಮಾಡಿದ. "ಲೇ, ಮುಂದ ಟೋಲ್ ಐತಿ. ಕಾಲುವಿ ದಂಡಿ ಹಿಡಿ."

"ಕಾಕಾ, ಇವತ್ತೊಂದಿನ ಟೋಲ್ ಕೊಟ್ಟೇ ಹೋಗೂಣು. ಆಕಿ ಕಾಯ್ತಾಳ."

"ನಮ್ಮ ಓಣ್ಯಾಗ ಯಾವನರ ಕೊಟ್ಟಾನೇನು? ಮಂದಿ ಕೇಳಿದ್ರ ನಗ್ತಾರ."

ಮಾತು ಖರೆ. ಟೋಲ್ ಕೊಟ್ಟು ಬಂದವನನ್ನು ಆ ಓಣಿಯವರು ಜೇಬು ಕತ್ತರಿಸಿಕೊಂಡು ಬಂದವನಂತೆ ಮರುಕದಿಂದ ನೋಡುತ್ತಿದ್ದರು. ಆದೆಪ್ಪ ಗಾಡಿ ತಿರುಗಿಸಿದ. ಹಿಂದಿನ ದಿನವಷ್ಟೇ ಯಾರೋ ಗದ್ದೆಗೆ ನೀರು ಬಿಟ್ಟಿದ್ದರು. ದಂಡೆಯ ಎರೆಮಣ್ಣು ಕಲಸಿದ ಹಿಟ್ಟಾಗಿತ್ತು. ಕ್ರೂಸರ್ ಎರಡು ಸಲ ಒದ್ದಾಡಿ ಅಲ್ಲೇ ಕೂತುಬಿಟ್ಟಿತು.

ಆದೆಪ್ಪ ಇಳಿದು ನೂಕಿದ. ಶಿವಬಸಮ್ಮ ದೇವರ ಹೆಸರು ಹಿಡಿದು, ಹುಸೇನ್‌ಬೀ ಡಬ್ಬಿ ಹಿಡಿದು ನೂಕಿದರು. ಬಸ್ಸಪ್ಪ ಮಾತ್ರ ಒಳಗೇ ಕೂತು, "ಜಪಾನಿನ್ಯಾಗ ಇಂಥಾ ಕೆಸರು ಇರಂಗಿಲ್ಲ ನೋಡು," ಅಂದ. ಕೊನೆಗೆ ಗದ್ದೆಯಿಂದೊಂದು ಟ್ರ್ಯಾಕ್ಟರ್ ಬಂದು ಎಳೆಯುವಷ್ಟರಲ್ಲಿ ಬಸ್ಸಿನ ಹೊತ್ತು ಯಾವಾಗಲೋ ಮೀರಿತ್ತು.

ಸಿಂಧನೂರಿನ ಬಸ್‌ಸ್ಟ್ಯಾಂಡಿನಲ್ಲಿ ಭಾರತಿ ಸೂಟ್‌ಕೇಸಿನ ಮೇಲೆ ಕೂತಿದ್ದಳು. ಸ್ವಲ್ಪ ಸೊರಗಿದ್ದಳು. ಸೊಂಟದವರೆಗೂ ಕೆಸರಾದ ಆದೆಪ್ಪ ಅವಳ ಮುಂದೆ ನಿಂತ. ಎದೆ ತುಂಬಿ ಬಂತು. ಬಾಯಿ ತೆರೆದ. ತಾಯಿ, ಹುಸೇನ್‌ಬೀ, ಬಸ್ಸಪ್ಪ ಮೂವರೂ ಕಿವಿಗೊಟ್ಟು ಮುಂದಕ್ಕೆ ಬಾಗಿದರು.

"ಯೊಕೊತೆದಾಗ ಹಿಮ ಇತ್ತೇನು?" ಅಂದ.

ಭಾರತಿ ನಕ್ಕಳು. ಕಣ್ಣಲ್ಲಿ ನೀರಿತ್ತು. "ನೀವು ಇದನ್ನ ಕೇಳ್ತೀರಂತ ಗೊತ್ತಿತ್ತು."

ಮರಳುವಾಗ ಟೋಲಿನ ದೊಡ್ಡ ರಸ್ತೆಗೆ ಯಾರೂ ತಕರಾರು ಮಾಡಲಿಲ್ಲ. ಬಸ್ಸಪ್ಪನನ್ನು ಹಿಂದೆ ಕಳಿಸಿ ಭಾರತಿ ಮುಂದೆ ಕೂತಳು. ಊರು ದಾಟಿದ ಮೇಲೆ ಮೆಲ್ಲಗೆ ಅಂದಳು, "ನಾ ಇನ್ನ ವಾಪಸ್ ಹೋಗಂಗಿಲ್ರೀ. ಕೆಲಸ ಬಿಟ್ಟು ಬಂದೀನಿ."

ಆದೆಪ್ಪನಿಗೆ ರಸ್ತೆ ಮಂಜಾಯಿತು. ಸುಮ್ಮನೆ ಹಾರ್ನ್ ಹೊಡೆದ. ಕೇಳದೆಯೇ ದೇವರು ಕೊಟ್ಟನಲ್ಲ ಅನ್ನಿಸಿತು.

"ಹೋಗೋರು ನೀವು," ಅಂದಳು ಭಾರತಿ.

"ಎಲ್ಲಿಗೆ?"

"ಜಪಾನಿಗೆ. ಅಲ್ಲಿ ಲಾರಿ ಡ್ರೈವರ್ ಸಿಗವಲ್ರು. ನಾ ನೋಡಿಕೊಳ್ತಿದ್ದ ಅಜ್ಜಿ ಮಗಂದು ಲಾರಿ ಕಂಪನಿ ಐತಿ. ಅಕಿತಾ ರಸ್ತಿ, ದಿನಾ ಹೋಗೋದು ಬರೋದು. ಅಜ್ಜಿಗೆ ಕಾಡಿ ಬೇಡಿ ಗಟ್ಟಿ ಮಾಡೀನಿ. ಭಾಷೆ ಕಲಿತು ಪರೀಕ್ಷೆ ಪಾಸಾದ್ರ ಆತು."

"ನಾ ಯಾವಾಗ ಕೇಳಿದ್ನೇ?"

"ಮೂರು ವರ್ಷ ಕೇಳೀರಲ್ಲ. ನಾ ಹೆಂಗದೀನಿ ಅಂತ ಒಂದಿನಾನೂ ಕೇಳಲಿಲ್ಲ, ಬರೇ ರಸ್ತಿ ಕೇಳಿದ್ರಿ. ಮೊದಮೊದಲು ಅತ್ತೀನಿ. ಆಮ್ಯಾಲೆ ಅನಿಸ್ತು, ಆ ರಸ್ತಿ ಮ್ಯಾಲೆ ಈ ಮನಿಷ್ಯಾಂದು ಎಷ್ಟು ಆಸಿ ಇರಬೇಕು ಅಂತ."

ಆದೆಪ್ಪ ಹೌಹಾರಿ ಬಾಯಿ ತೆರೆದ. ಹಿಂದಿನಿಂದ ಹುಸೇನ್‌ಬೀ ಅದರ ತುಂಬ ಮಾದಲಿ ತುರುಕಿದಳು. "ಮುಬಾರಕ್ ಬೇಟಾ."

"ನೀ ಚಿಂತಿ ಮಾಡಬ್ಯಾಡಪ್ಪಾ," ಎಂದು ಶಿವಬಸಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನೀ ಫೋನ್ ಮಾಡಿದಾಗ ಸ್ಪೀಕರ್ ಹಾಕ್ತೀನಿ. ಭಾರತಿ ನಮ್ಮ ಜೋಡಿ ಕಟ್ಟಿ ಮ್ಯಾಲೆ ಕೂತು ಕೇಳ್ತಾಳ."

ಆದೆಪ್ಪ ಕಷ್ಟಪಟ್ಟು ಮಾದಲಿ ನುಂಗಿದ. ಈಗಲ್ಲದಿದ್ದರೆ ಇನ್ನಿಲ್ಲ.

"ಭಾರತೀ."

"ಹೇಳ್ರೀ," ಅಂದಳು. ಆ ದನಿ ಮೂರು ವರ್ಷ ಕಾದಂತಿತ್ತು.

ಹಿಂದೆ ಮೂವರೂ ಮಾತು ನಿಲ್ಲಿಸಿದರು. ಬಸ್ಸಪ್ಪ ಎರಡು ಸೀಟಿನ ನಡುವೆ ತಲೆ ತೂರಿಸಿದ. ಆದೆಪ್ಪ ಹೆಂಡತಿಯ ಮುಖ ನೋಡಿದ, ಬಸ್ಸಪ್ಪನ ಕಿವಿ ನೋಡಿದ, ಮತ್ತೆ ರಸ್ತೆ ನೋಡಿದ.

"ಟೋಲ್ ಬಂತು," ಅಂದ.