ಓಡದೆ ನೋಡಬೇಕಾದ ಪ್ರಾಣಿ

ಪುಸ್ಸ್...

ಬೆನ್ನ ಹಿಂದೆ, ಬಲು ಹತ್ತಿರದಲ್ಲಿ, ದೊಡ್ಡದೊಂದು ಜೀವ ಉಸಿರು ಬಿಟ್ಟ ಸದ್ದು.

ಆ ಸದ್ದಿಗೆ ನಾನು ಮಾಡಿದ್ದೇನು ಎಂದು ಹೇಳುವ ಮೊದಲು, ಅದಕ್ಕೆ ಅರ್ಧ ಗಂಟೆ ಹಿಂದೆ ನಾನು ಎಂಥ ವೀರನಾಗಿದ್ದೆ ಎಂಬುದನ್ನು ತಿಳಿಸಿಬಿಡುತ್ತೇನೆ. ಕೊಡಗಿನ ಸಿದ್ದಾಪುರದ ಕಾಫಿ ಎಸ್ಟೇಟೊಂದರಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ನಾನು. ಯಾವ ತೋಟಕ್ಕೆ ಆನೆ ನುಗ್ಗಿದೆ, ಹಣ್ಣು ಕೊಯ್ಯುವ ಪಿಕಿಂಗಿನವರು ಎತ್ತ ಹೋಗಬಾರದು ಎಂದು ಪ್ರತಿ ಬೆಳಿಗ್ಗೆ ಅಪ್ಪಣೆ ಕೊಡುವವನು. ಅಂಥವನು ಕಾರವಾರದ ಮರಳಿನ ಮೇಲೆ ನಿಂತು, ಹೆಂಡತಿಗೆ ಡಾಲ್ಫಿನ್ ತೋರಿಸದೆ ಈ ಸಮುದ್ರವನ್ನು ಬಿಡುವುದಿಲ್ಲವೆಂದು ಶಪಥ ಮಾಡಿದ್ದೆ.

ಕುಸುಮಾಳ ಆಸೆ ಸಣ್ಣದು.

"ರೀ, ಮದ್ವೆಯಾಗಿ ಬಂದಾಗಿಂದ ಆನೆ ಅಂದ್ರೆ ನಂಗೆ ಓಟ ಅಷ್ಟೇ. ಅದ್ರ ಮುಖ ಹೆಂಗಿದೆ ಅಂತ ಇವತ್ತಿಗೂ ಸರಿಯಾಗಿ ನೋಡಿಲ್ಲ. ಯಾವುದಾದ್ರೂ ಒಂದು ಕಾಡುಪ್ರಾಣೀನ ಓಡದೆ ನಿಂತು ನೋಡ್ಬೇಕು. ಒಂದೇ ಸಲ ಸಾಕು."

"ನಿಂತು ಯಾಕೆ, ಆರಾಮಾಗಿ ಕೂತೇ ನೋಡು. ನಾನಿದೀನಲ್ಲ."

ದೋಣಿ ದಡ ಬಿಟ್ಟಿತು. ನಾನು ಸಹಪ್ರಯಾಣಿಕರಿಗೆ ಉಪದೇಶ ಶುರುಮಾಡಿದೆ. "ಪ್ರಾಣಿ ಕಂಡಾಗ ಗಾಬರಿ ಬೀಳಬಾರದು. ನಮ್ಮ ಕೊಡಗಿನಲ್ಲಿ ನಾವು ದಿನಾ ಆನೆ ಜೊತೆಗೇ ಬಾಳೋರು." ಎದುರಿಗಿದ್ದ ಹಾಸನದ ಅಜ್ಜಿ ಭಕ್ತಿಯಿಂದ ತಲೆಯಾಡಿಸಿದರು. ದೋಣಿಯವನು ಎಂಜಿನ್ ನಿಲ್ಲಿಸಿದ. ನೀರು ಕನ್ನಡಿಯಂತೆ ಸುಮ್ಮನಾಯಿತು. ಕುಸುಮಾ ಎರಡೂ ಕೈಯನ್ನು ಮಡಿಲಲ್ಲಿಟ್ಟು, ಪೂಜೆಗೆ ಕೂತವಳಂತೆ ಕಾಯುತ್ತಿದ್ದಳು.

ಪುಸ್ಸ್...

ಕಾಫಿ ಗಿಡಗಳ ನಡುವೆ, ಮಂಜಿನಲ್ಲಿ, ಆನೆ ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬೀಳುವುದು ಇದೇ ಉಸಿರು. ಅದನ್ನು ಕೇಳಿ ಯೋಚಿಸುತ್ತ ನಿಂತವರು ನಮ್ಮಲ್ಲಿ ಉಳಿದಿಲ್ಲ. ನನ್ನ ಕಿವಿಗೆ ಸಮುದ್ರದ ಪರಿಚಯವೂ ಇರಲಿಲ್ಲ.

"ಆನೆ! ಓಡು!"

ಕುಸುಮಾಳ ಕೈ ಹಿಡಿದೆಳೆದು ಓಡಿಯೇಬಿಟ್ಟೆ. ಎರಡು ಹೆಜ್ಜೆಗೆ ದೋಣಿ ಮುಗಿಯಿತು. ಮೂರನೆಯ ಹೆಜ್ಜೆಯಲ್ಲಿ ಅವಳು ತಳದ ಹಲಗೆಯ ಮೇಲಿದ್ದಳು, ನಾನು ಅವಳ ಮೇಲಿದ್ದೆ. ನಮ್ಮ ಲೈಫ್ ಜಾಕೆಟ್ಟುಗಳ ಪಟ್ಟಿಗಳು ಒಂದಕ್ಕೊಂದು ಸಿಕ್ಕಿಕೊಂಡು, ಮದುವೆಯ ದಿನದ ಸೆರಗಿನ ಗಂಟೂ ನಾಚುವಂತೆ ನಮ್ಮನ್ನು ಬಿಗಿದಿದ್ದವು.

ಮೇಲೆ ಅಜ್ಜಿಯ ದನಿ ಕೇಳಿತು. "ಅಯ್ಯೋ, ಪಕ್ಕದಲ್ಲೇ ಮರಿ ಐತೆ ಕಣ್ರೋ. ತಾಯಿಗೆ ಒರಗಿಕೊಂಡೇ ಈಜ್ತದೆ ನೋಡ್ರೋ."

ಕೆಳಗೆ ಕುಸುಮಾಳ ದನಿ. "ಏಳ್ರೀ."

"ಶ್... ಅಲ್ಲಾಡಬೇಡ."

"ಸಮುದ್ರದಲ್ಲಿ ಎಲ್ಲಿಂದ್ರೀ ಆನೆ?"

ಪ್ರಶ್ನೆ ನ್ಯಾಯವಾಗಿತ್ತು. ದೋಣಿಯವನು ಪಟ್ಟಿ ಬಿಡಿಸಿ ನಮ್ಮನ್ನು ಎಬ್ಬಿಸುವಷ್ಟರಲ್ಲಿ ನೀರಿನ ಮೇಲೆ ಒಂದಿಷ್ಟು ಉಂಗುರಗಳಷ್ಟೇ ಉಳಿದಿದ್ದವು. ಕುಸುಮಾ ಅವು ಅಳಿಸಿಹೋಗುವವರೆಗೂ ನೋಡಿದಳು. ವಾಪಸು ಬರುವಾಗ ಹಿಂದಕ್ಕೆ ತಿರುಗಿ ಕೂತು ಆ ನೀರನ್ನೇ ನೋಡುತ್ತಿದ್ದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ದಡದಲ್ಲಿ ನಾನೇ ಬಾಯಿಬಿಟ್ಟೆ. "ತಪ್ಪಾಯ್ತು ಕಣೇ. ಆ ಸದ್ದು ಕೇಳಿದ್ರೆ ನನ್ನ ಕಾಲು ನನ್ನ ಮಾತು ಕೇಳಲ್ಲ."

"ಗೊತ್ತು. ಬೈಯೋಕೂ ಆಗ್ತಿಲ್ಲ ನೋಡಿ," ಎಂದಳು ಸೆರಗು ಹಿಂಡುತ್ತ. "ಓಡೋವಾಗ್ಲೂ ನನ್ನ ಕೈ ಬಿಡ್ಲಿಲ್ಲವಲ್ಲ ನೀವು."

ನನ್ನ ಎದೆ ಉಬ್ಬಿತು. "ಮತ್ತೆ? ಗಂಡ ಅಂದ್ರೆ ಏನು ಅಂದ್ಕೊಂಡೆ? ಕಷ್ಟಕಾಲದಲ್ಲಿ ಹೆಂಡತೀನ..."

ಅಷ್ಟರಲ್ಲಿ ಮುಂದಿನ ದೋಣಿ ಹೊರಡಲು ಎಂಜಿನ್ ಗುರ್ ಎಂದಿತು. ಕುಸುಮಾ ತನ್ನ ಚಪ್ಪಲಿಗಳನ್ನು ನನ್ನ ಕೈಗಿಟ್ಟು, ಸೀರೆ ಎತ್ತಿ ಸಿಕ್ಕಿಸಿ, ಅಲೆಗಳತ್ತ ನಡೆದಳು.

"ಯಜಮಾನ್ರು ಬರೂದಿಲ್ವಾ?" ಎಂದು ದೋಣಿಯವನು ಕೂಗಿದ.

"ಅವರು ಮಾತಾಡ್ತಿದಾರೆ," ಎಂದಳು ತಿರುಗಿ ನೋಡದೆ. "ಮುಗಿಯೋದ್ರೊಳಗೆ ನೋಡ್ಕೊಂಡು ಬಂದ್ಬಿಡ್ತೀನಿ, ನಡೀರಿ."