ಸೊಸೆಯ ಹೊಟ್ಟೆ, ಅತ್ತೆಯ ಹರಕೆ

ಬಸ್ಸಿನಲ್ಲಿ ಒಬ್ಬ ಹುಡುಗಿ ಎದ್ದು ಜಾಗ ಬಿಟ್ಟುಕೊಟ್ಟದ್ದೇ ಇಷ್ಟಕ್ಕೆಲ್ಲ ಕಾರಣ. ಊಟಿ ಕಡೆಯ ಬೆಳ್ಳೊರೆ ಹಟ್ಟಿಯ ತೇನ್ಮೊಳಿ ಅಲ್ಲೇ ಹತ್ತಿರದ ವೆಲ್ಲಿಂಗ್ಟನ್ನಿನ ಒಂದು ಅಂಗಡಿಯಲ್ಲಿ ಬಿಲ್ ಹಾಕುವ ಕೆಲಸ ಮುಗಿಸಿ ಮನೆಗೆ ಬರುತ್ತಿದ್ದಳು. ಹುಡುಗಿ ಅವಳ ಹೊಟ್ಟೆಯನ್ನು ನೋಡಿ, “ಕೂತ್ಕೊಳ್ಳಿ ಅಕ್ಕಾ, ಎಷ್ಟನೇ ತಿಂಗಳು?” ಎಂದು ಕೇಳಿದಳು. ತೇನ್ಮೊಳಿಯ ಅವಳಿ ಮಕ್ಕಳು ಆಗಲೇ ಮೂರನೇ ಕ್ಲಾಸು. ಕಾಲು ನೋಯುತ್ತಿದ್ದುದರಿಂದ ಅವಳು “ಐದು” ಎಂದು ಹೇಳಿ ಕೂತಳು. ಮನೆಗೆ ಬಂದು ಬಚ್ಚಲಿನ ಬಾಗಿಲು ಹಾಕಿಕೊಂಡು ಅತ್ತಳು.

ಅವಳಿಗಳು ಹೊರಗೆ ಬಂದರೂ ಅವರಿದ್ದ ಮನೆ ಮಾತ್ರ ಹಾಗೇ ಉಳಿದಿತ್ತು. ಅನ್ನ ಬಿಟ್ಟಳು, ಬೆಳಗಿನ ಮಂಜಿನಲ್ಲಿ ಗುಡ್ಡ ಹತ್ತಿದಳು, ಯೋಗ ಮಾಡಿದಳು. ಕೆನ್ನೆ ಇಳಿಯಿತು, ತೋಳು ಇಳಿಯಿತು, ಹೊಟ್ಟೆ ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಕೊಯಮತ್ತೂರಿನ ಆಸ್ಪತ್ರೆಯೊಂದರ ಡಾಕ್ಟರಮ್ಮ ಒತ್ತಿ ನೋಡಿ, “ಹೆರಿಗೆಯಲ್ಲಿ ಒಳಗಿನ ಸ್ನಾಯು ಬಿಟ್ಟುಕೊಂಡಿದೆ, ಚರ್ಮ ಜೋತುಬಿದ್ದಿದೆ. ನೀವು ಊಟಿಯ ತನಕ ಓಡಿದರೂ ಇದು ಹೋಗುವುದಿಲ್ಲ. ಕೊಯ್ದು ಹೊಲಿಯಬೇಕು” ಅಂದರು. ಆ ಮಾತು ಕೇಳಿ ತೇನ್ಮೊಳಿಗೆ ಆದಷ್ಟು ಸಮಾಧಾನ ಮದುವೆಯಲ್ಲೂ ಆಗಿರಲಿಲ್ಲ.

“ಎನಗ ನೀ ಹಿಂಗೇ ಚೆಂದ” ಅಂದ ಗಂಡ ಮುರಳೀಧರನ್. ಅವನು ಟೀ ಫ್ಯಾಕ್ಟರಿಯಲ್ಲಿ ಮೇಸ್ತ್ರಿ.

“ಚೆಂದ ಅಂದ್ರೆ ಒಂದು ದಿನ ನೀನೇ ಹೊತ್ತು ನೋಡು” ಅಂದಳು ತೇನ್ಮೊಳಿ. ಅವನು ಆಸ್ಪತ್ರೆಗೆ ಫೋನು ಮಾಡಿ ದಿನ ಗೊತ್ತುಮಾಡಿದ.

ಗಂಡ ಒಪ್ಪಿದರೆ ಸಾಲದು, ಹಟ್ಟಿ ಇದೆಯಲ್ಲ. ಒಂದೇ ಸಾಲಿನಲ್ಲಿ ಗೋಡೆಗೆ ಗೋಡೆ ತಗುಲಿಸಿ ಕಟ್ಟಿದ ಮನೆಗಳು. ಈ ಮನೆಯಲ್ಲಿ ಸೀನಿದರೆ ಆ ಮನೆಯಲ್ಲಿ ಕಷಾಯ ಇಡುತ್ತಾರೆ. ಚೆಂದಕ್ಕಾಗಿ ಹೊಟ್ಟೆ ಕೊಯ್ಯಿಸಿಕೊಳ್ಳುತ್ತಾಳೆ ಎಂದು ತಿಳಿದರೆ ಅವಳು ಬೇರೆ ತಾಲ್ಲೂಕು ನೋಡಿಕೊಳ್ಳಬೇಕಾಗಿತ್ತು. ಅದಕ್ಕೇ ಗಂಡಹೆಂಡಿರು ಕೂಡಿ ‘ಹರ್ನಿಯಾ’ ಎಂಬ ಮರ್ಯಾದಸ್ಥ ರೋಗವೊಂದನ್ನು ಆರಿಸಿಕೊಂಡು, ಅದನ್ನು ತೇನ್ಮೊಳಿಯ ಅತ್ತೆ, ಮಾತಿ ಎಂಬಾಕೆಗೆ ಮಾತ್ರ ಹೇಳಿದರು. ಮಾತಿ ಪಕ್ಕದ ಮನೆಯ ಪಾಪಾತಿಗೆ ಮಾತ್ರ ಹೇಳಿದಳು. ಪಾಪಾತಿ ಎಲ್ಲರಿಗೂ ಹೇಳಿದಳು.

ಆಪರೇಷನ್ನಿನ ದಿನ ಬೆಳಗಾಗುವಷ್ಟರಲ್ಲಿ ಅಂಗಳದಲ್ಲಿ ಜನ. ಮಧ್ಯಾಹ್ನ ಮೇಜಿನ ಮೇಲೆ ಮಲಗುವ ತನಕ ಬಾಯಿಗೆ ಏನೂ ಹಾಕಬಾರದು, ನೀರು ಕೂಡ ಕೂಡದು ಎಂದು ಡಾಕ್ಟರಮ್ಮ ಕಟ್ಟುನಿಟ್ಟಾಗಿ ಹೇಳಿದ್ದರು. ಅವರು ಬರುವುದು ಚೆನ್ನೈಯಿಂದ. ಸಂಜೆ ವಿಮಾನ ಹತ್ತಿದರೆ ಮತ್ತೆ ಸಿಗುವುದು ದೀಪಾವಳಿ ಕಳೆದ ಮೇಲೆ. ಇತ್ತ ಹಟ್ಟಿಯಲ್ಲಿ ಕಾಯಿಲೆಯವರನ್ನು ಬರಿಗೈಯಲ್ಲಿ ನೋಡಲು ಯಾರೂ ಬರುವುದಿಲ್ಲ, ತಂದದ್ದನ್ನು ಕಣ್ಣೆದುರು ತಿನ್ನಿಸದೆ ಹೋಗುವುದೂ ಇಲ್ಲ.

“ಖಾಲಿ ಹೊಟ್ಟೇಲಿ ಇರ್ಬೇಕಂತೆ ಅಕ್ಕ” ಅಂದಳು ತೇನ್ಮೊಳಿ.

“ಖಾಲಿ ಹೊಟ್ಟೇಲಿ ಸಂತೆಗೂ ಹೋಗ್ಬಾರ್ದು” ಅಂದಳು ಪಾಪಾತಿ. “ಡಾಕ್ಟರಿಗೆ ಏನ ಗೊತ್ತು? ಕೊಯ್ಯೋದು ಅವರು, ರಕ್ತ ಹೋಗೋದು ನಿಂದು.” ಹಾಗೆನ್ನುತ್ತಲೇ ಬಿಸಿಬಿಸಿ ತುಪ್ಪದಿಟ್ಟಿನ ಒಂದು ಸಿಹಿ ತುಂಡನ್ನು ಅವಳ ಬಾಯಿಗೆ ತುರುಕಿದಳು.

ತೇನ್ಮೊಳಿ ಕೆನ್ನೆಯಲ್ಲಿ ತುಂಡನ್ನು ಇಟ್ಟುಕೊಂಡೇ ನಕ್ಕು, ಹಿತ್ತಲಿಗೆ ಓಡಿ, ಕರುವಿನ ಮುಂದೆ ಉಗುಳಿ ಬಂದಳು. ಮುಂದೆ ಬಂದ ಎರಡು ಮೂರು ತಿಂಡಿಗಳಿಗೂ ಅದೇ ದಾರಿಯಾಯಿತು. ಕರು ರುಚಿ ಹತ್ತಿ ಅಡಿಗೆಮನೆಯ ತನಕ ಅವಳ ಹಿಂದೆಯೇ ಬಂತು. ಟೀ ಲೋಟಗಳನ್ನೆಲ್ಲ ಬಾಗಿಲ ಮರೆಯಲ್ಲಿ ನಿಂತ ಮುರಳೀಧರನ್ ಕುಡಿದು ಮುಗಿಸಬೇಕಾಯಿತು. ಹೆಂಡತಿಯ ಹೊಟ್ಟೆ ಇಳಿಸುವ ಕೆಲಸದಲ್ಲಿ ಅವನ ಹೊಟ್ಟೆ ಗಡಿಗೆಯಂತೆ ಕುಲುಕತೊಡಗಿತು.

ಇವೆಲ್ಲದರ ನಡುವೆ, ಸೊಸೆ ಹಿತ್ತಲಿಗೆ ಓಡಿದ ಗಳಿಗೆಗಳನ್ನು ಬಿಟ್ಟರೆ, ಅತ್ತೆ ಮಾತಿ ಅವಳ ಪಕ್ಕ ಬಿಟ್ಟು ಕದಲಲಿಲ್ಲ. ಮೈಗೆ ಸುತ್ತಿದ ಬಿಳಿ ಮುಂಡು, ತಲೆಗೆ ಬಿಳಿ ವಸ್ತ್ರ. ವಕೀಲರಂತೆ ಪ್ರಶ್ನೆ ಕೇಳುತ್ತಲೇ ಇದ್ದಳು.

“ಈ ಹರ್ನಿಯಾ ಅಂದ್ರೆ ಹೊಕ್ಕಳ ಹತ್ರ ಗಂಟು ಬರುತ್ತಾ, ತೇನು?”

“ಹೂಂ ಮಾಮಿ” ಅಂದಳು, ಫೋನಿನಲ್ಲಿ ಓದಿದ್ದನ್ನು ನೆನೆದು.

“ಕೆಮ್ಮಿದ್ರೆ ಮುಂದೆ ಬರುತ್ತಾ? ತೇಯಿಲೆ ಸೊಪ್ಪಿನ ಮೂಟೆ ಹೊತ್ರೆ ನೋಯುತ್ತಾ?”

“ಎಲ್ಲಾ ಆಗುತ್ತೆ ಮಾಮಿ.”

ಮಾತಿಯ ಮುಖ ಬಾಡಿತು. “ಇಷ್ಟು ಸಂಕಟ ಇಟ್ಕೊಂಡು ಬಾಯಿ ಬಿಡಲಿಲ್ಲೆಯಲ್ಲ ಮಗುವೇ” ಎಂದು ಸೊಸೆಯ ಕೈ ಹಿಡಿದಳು. ತೇನ್ಮೊಳಿಗೆ ನಾಚಿಕೆಯಾಯಿತು, ಆದರೆ ಹೊಟ್ಟೆಯ ಆಸೆ ಅದಕ್ಕಿಂತ ದೊಡ್ಡದಾಗಿತ್ತು.

ಇನ್ನೇನು ಕಾರು ಹತ್ತಬೇಕು, ಹಟ್ಟಿಯ ಹಿರಿಯ ಹಾಲಜ್ಜ ಕೋಲೂರಿಕೊಂಡು ಬಂದ. ಜನ ದಾರಿ ಬಿಟ್ಟರು. ತೇನ್ಮೊಳಿ ಬಗ್ಗಿ ತಲೆಯೊಡ್ಡಿದಳು. ಅಜ್ಜ ತಲೆಯ ಮೇಲೆ ಕೈಯಿಟ್ಟು ಹರಸಿದ. “ಒಂದು ಸಾವಿರ ಆಗಲಿ, ಒಕ್ಕಲು ಹೆಚ್ಚಲಿ, ಹೋದ ದಾರಿ ಹೂವಾಗಲಿ, ಸುಖವಾಗಿ ಹೋಗಿ ಸುಖವಾಗಿ ಬಾ.” ಅವನ ಹರಕೆ ಬೇಗ ಮುಗಿಯುವಂಥದ್ದಲ್ಲ. ಬಗ್ಗಿದವಳಿಗೆ ಸೊಂಟ ಹಿಡಿಯಿತು. ಮೇಲೆದ್ದರೆ ಕಣ್ಣೆದುರು ಒಂದು ಚೊಂಬು ಹಾಲು.

“ಈಗ ಕರೆದದ್ದು. ಎನ್ನ ಕೈಯಾರೆ ಕುಡಿ” ಅಂದ ಅಜ್ಜ.

ಮಿಕ್ಕವರ ತಿಂಡಿ ಬೇರೆ, ಅಜ್ಜನ ಹಾಲು ಬೇರೆ. ಆ ಹಾಲನ್ನು ಬೇಡ ಅಂದವರು ಆ ಹಟ್ಟಿಯಲ್ಲಿ ಹುಟ್ಟಿರಲಿಲ್ಲ. ತೇನ್ಮೊಳಿ ಗಂಡನ ಕಡೆ ನೋಡಿದಳು. ಅವನು ಟೀ ತುಂಬಿದ ಹೊಟ್ಟೆ ಹಿಡಿದುಕೊಂಡು ಆಕಾಶ ನೋಡುತ್ತಿದ್ದ. ಕರುವೂ ಹತ್ತಿರವಿರಲಿಲ್ಲ. ಇಡೀ ಹಟ್ಟಿ ಅವಳ ಗಂಟಲನ್ನೇ ನೋಡುತ್ತಿತ್ತು. ಅವಳು ಕಣ್ಣು ಮುಚ್ಚಿ, ನೊರೆಸಮೇತ ಗಟಗಟ ಕುಡಿದಳು.

“ಹೇಳ್ಬೇಡ, ಸುಮ್ಮನಿರು. ಹಾಲು ತಾನೇ, ಕೊಯಮತ್ತೂರು ಮುಟ್ಟೋದ್ರೊಳಗೆ ಕರಗೋಗುತ್ತೆ” ಎಂದು ಕಾರಿನಲ್ಲಿ ಮುರಳೀಧರನ್ ಪಿಸುಗುಟ್ಟಿದ. ಮಾತಿ ಹಿಂದಿನ ಸೀಟಿನಲ್ಲಿ ಕೂತಿದ್ದಳು. ಬರಬೇಡ ಎಂದು ಎಷ್ಟು ಹೇಳಿದರೂ ಕೇಳಿರಲಿಲ್ಲ. ಕೂನೂರಿನಿಂದ ಕೆಳಗಿನ ತಿರುವುಗಳಲ್ಲಿ ತೇನ್ಮೊಳಿ, ವಾಂತಿಯಾದರೆ ಒಳ್ಳೆಯದಿತ್ತು ಎಂದು ಬಯಸಿದಳು. ಪ್ರತಿ ಸಲ ಆ ಘಾಟಿಯಲ್ಲಿ ವಾಂತಿ ಮಾಡುವವಳು ಅವಳು. ಆ ದಿನ ಹಾಲು ಒಂದು ಇಂಚೂ ಮೇಲೆ ಬರಲಿಲ್ಲ.

ಆಸ್ಪತ್ರೆಯಲ್ಲಿ ಹಸಿರು ಗೌನು ತೊಡಿಸಿದರು. ನರ್ಸ್ ಬಂದು, ಬೆಳಗಿನಿಂದ ಏನಾದರೂ ತಿಂದಿರಾ ಕುಡಿದಿರಾ ಎಂದು ತಮಿಳಿನಲ್ಲಿ ಕೇಳಿದಳು.

“ಏನೂ ಇಲ್ಲ” ಅಂದಳು ತೇನ್ಮೊಳಿ.

“ಏಕೆ ಸುಳ್ಳು ಹೇಳ್ತೆ?” ಅಂದಳು ಮಾತಿ. ಸೊಸೆಯನ್ನು ಹಸಿದ ಹೊಟ್ಟೆಯಲ್ಲಿ ಕಳಿಸಿದ್ದಾರೆ ಎಂದು ಯಾರೂ ಅಂದುಕೊಳ್ಳಬಾರದಲ್ಲ. “ಒಂದು ಚೊಂಬು ಗಟ್ಟಿ ಹಾಲು ಕುಡ್ದಿದ್ದಾಳೆ, ತಾಯಿ. ಅದಕ್ಕೂ ಮುಂಚೆ ಪಾಪಾತಿ ತಂದ ತಿಂಡೀನೂ ತಿಂದಿದ್ದಾಳೆ. ಎನ್ನ ಕಣ್ಣಾರೆ ನೋಡಿದೆ.”

ಡಾಕ್ಟರಮ್ಮ ಬಂದರು. ಕೂಗಾಡಲಿಲ್ಲ. ಹೊಟ್ಟೆಯಲ್ಲಿ ಹಾಲಿಟ್ಟುಕೊಂಡು ಅರಿವಳಿಕೆ ಕೊಟ್ಟರೆ ಅದು ಶ್ವಾಸಕೋಶಕ್ಕೆ ಹೋಗಿ ಪ್ರಾಣಕ್ಕೇ ಕುತ್ತು ಬರುತ್ತದೆ, ಇವತ್ತು ಆಗುವುದಿಲ್ಲ, ದೀಪಾವಳಿ ಕಳೆದ ಮೇಲೆ ನೋಡೋಣ ಅಂದರು. ತೇನ್ಮೊಳಿ ಗೌನಿನ ಚುಂಗಿನಿಂದ ಕಣ್ಣೊರೆಸಿಕೊಂಡಳು. ಮುರಳೀಧರನ್ ಮೂತ್ರಾಲಯ ಹುಡುಕಿಕೊಂಡು ಹೋದ.

ಸೊಸೆಯ ಅಳು ಮಾತಿಗೆ ನೋಡಲಾಗಲಿಲ್ಲ. “ಡಾಕ್ಟರಮ್ಮಾ, ಈ ಹರ್ನಿಯಾನ ಅಷ್ಟು ದಿನ ಇಟ್ಕೊಂಡ್ರೆ ಜೀವಕ್ಕೆ ಏನೂ ಆಗಲ್ಲ ತಾನೇ?” ಎಂದು ಕೇಳಿದಳು.

“ಇವರಿಗೆ ಹರ್ನಿಯಾ ಎಲ್ಲಿದೆ?” ಅಂದರು ಡಾಕ್ಟರಮ್ಮ.

ತೇನ್ಮೊಳಿ ಗೌನಿನ ಚುಂಗಿನಲ್ಲಿ ಮುಖ ಮುಚ್ಚಿಕೊಂಡಳು. ಆದರೆ ಮಾತಿ ಬೇರೆಯೇ ಅರ್ಥ ಮಾಡಿಕೊಂಡಳು. ಅವಳ ಮುಖ ಬೆಳಗಿತು. “ಹೋಯ್ತಾ? ಹಾಗಾದ್ರೆ ಎನ್ನದು ನೋಡಿ” ಅಂದವಳೇ ಮುಂಡು ಸರಿಸಿದಳು. ಹೊಕ್ಕಳ ಮೇಲೆ ನಿಂಬೆಕಾಯಿಗಿಂತ ದಪ್ಪದೊಂದು ಗಂಟು. ಐದನೇ ಮಗು ಹುಟ್ಟಿದಾಗಿನಿಂದ ಇದ್ದದ್ದಂತೆ. ಯಾರಿಗೂ ಹೇಳಿರಲಿಲ್ಲ. ಮೊದಲೆಲ್ಲ ಒತ್ತಿದರೆ ಒಳಗೆ ಹೋಗುತ್ತಿತ್ತು, ನಿನ್ನೆಯಿಂದ ಹೋಗುತ್ತಿಲ್ಲವಂತೆ.

ಡಾಕ್ಟರಮ್ಮ ಒತ್ತಿ ನೋಡಿದರು. ಅವರ ಹುಬ್ಬು ಗಂಟಿಕ್ಕಿತು. “ಇದನ್ನು ನಾಳೆಗೂ ಬಿಡುವ ಹಾಗಿಲ್ಲ, ಕರುಳು ಸಿಕ್ಕಿಕೊಳ್ಳುತ್ತದೆ. ನೀವು ಏನು ತಿಂದಿದ್ದೀರಿ, ಅಮ್ಮ?”

“ನಿನ್ನೆ ಬೆಳಗ್ಗಿಂದ ಒಂದು ತೊಟ್ಟು ನೀರೂ ಮುಟ್ಟಿಲ್ಲೆ” ಅಂದಳು ಮಾತಿ. “ಸೊಸೆಗೆ ಅಂತ ನಮ್ಮ ಹಟ್ಟಿ ದೇವಿ ಹೆತ್ತೆಯಮ್ಮನಿಗೆ ಹರಕೆ ಹೊತ್ತಿದ್ದೇನೆ.”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅನ್ನುತ್ತಾರೆ. ಇಲ್ಲಿ ಎಮ್ಮೆಗೇ ಜ್ವರವಿತ್ತು. ರಕ್ತ ನೋಡಿದರು, ಹೃದಯ ನೋಡಿದರು. ಗುಡ್ಡ ಹತ್ತಿ ಟೀ ಎಲೆ ಕೊಯ್ದ ಹೃದಯ, ಗಡಿಯಾರದಂತೆ ನಡೆಯುತ್ತಿತ್ತು. ಕೋಣೆ ಸಿದ್ಧವಿತ್ತು, ಡಾಕ್ಟರಮ್ಮ ಇದ್ದರು, ಅರಿವಳಿಕೆಯವರೂ ಕಾದಿದ್ದರು. ತೇನ್ಮೊಳಿಗೆ ತೊಡಿಸಿದ್ದ ಹಸಿರು ಗೌನನ್ನು ಬಿಚ್ಚಿಸಿ, ಅಂಥದ್ದೇ ಇನ್ನೊಂದನ್ನು ಮಾತಿಗೆ ತೊಡಿಸಿ ಒಳಗೆ ತಳ್ಳಿಕೊಂಡು ಹೋದರು.

ಆಪರೇಷನ್ ಮುಗಿಸಿ ಬಂದ ಡಾಕ್ಟರಮ್ಮನ ಮುಖದಲ್ಲಿ ಸಂತೋಷ. “ಎಲ್ಲ ಸರಿಯಾಯಿತು. ಸ್ನಾಯು ಪೂರ್ತಿ ಬಿಟ್ಟುಕೊಂಡಿತ್ತು, ಬಿಗಿಯಾಗಿ ಹೊಲಿದೆ. ಹೊಲಿಗೆ ನಿಲ್ಲಬೇಕಲ್ಲ, ಜೋತುಬಿದ್ದ ಚರ್ಮವನ್ನೂ ತೆಗೆದೆ. ನಿಮಗೆ ಮಾಡಬೇಕಾಗಿದ್ದದ್ದೇ” ಎಂದು ತೇನ್ಮೊಳಿಗೆ ಹೇಳಿ ವಿಮಾನಕ್ಕೆ ಹೊರಟರು.

ಸಂಜೆಗೆ ಹಟ್ಟಿಯ ವ್ಯಾನು ಬಂತು. ಪಾಪಾತಿ ಮುಂದಾಗಿ ನುಗ್ಗಿದಳು, ಕೈಯಲ್ಲಿ ಅನ್ನ ಮತ್ತು ಅವರೆ ಉದಕವೆಂಬ ಕಾಳಿನ ಸಾರಿನ ಡಬ್ಬಿ. ಹಾಸಿಗೆಯ ಮೇಲೆ ಅತ್ತೆ, ಪಕ್ಕದ ಕುರ್ಚಿಯಲ್ಲಿ ಸೊಸೆ. ಜನಕ್ಕೆ ದಿಕ್ಕು ತಪ್ಪಿತು. ಮಾತಿ ಆಗತಾನೇ ಎಚ್ಚರಾಗಿ, ಹೊದಿಕೆಯ ಮೇಲಿಂದ ತನ್ನ ಹೊಟ್ಟೆ ತಡವಿ ನೋಡಿಕೊಂಡಿದ್ದಳು. ಅಲ್ಲಿ ಹೊಟ್ಟೆಯೇ ಇರಲಿಲ್ಲ, ಹಲಗೆಯಂತೆ ಚಪ್ಪಟೆ.

“ಹೆತ್ತೆಯಮ್ಮ ಎನ್ನ ಮಾತು ಕೇಳಿದ್ಲು” ಅಂದಳು, ಕ್ಷೀಣವಾದ ದನಿಯಲ್ಲಿ. “ತೇನು ಚಿಕ್ಕವಳು, ಮಕ್ಕಳ ತಾಯಿ. ಅವಳ ರೋಗ ಎನಗ ಬರಲಿ, ಅವಳ ಮೇಲೆ ಬೀಳೋ ಕತ್ತಿ ಎನ್ನ ಮೇಲೆ ಬೀಳಲಿ ಅಂತ ಬೇಡಿದ್ದೆ. ನಿನ್ನೆ ಅವಳದೂ ಬಂದು ಎನ್ನ ಹಳೇ ಗಂಟಿಗೆ ಸೇರಿತು. ಡಾಕ್ಟರಮ್ಮನೇ ನೋಡಿ, ಇವಳಿಗೆ ಹರ್ನಿಯಾ ಇಲ್ಲೆ ಅಂದ್ರು. ಕೇಳಿ ಬೇಕಾದ್ರೆ.”

ಎಲ್ಲರೂ ತೇನ್ಮೊಳಿಯ ಕಡೆ ತಿರುಗಿದರು. ಅವಳು ತಲೆಯಾಡಿಸಿದಳು. ಅವಳಿಗೆ ಅತ್ತೆಯ ಕಾಲು ಹಿಡಿದು ಅಳಬೇಕೆನಿಸಿತು, ಕೋಪವೂ ಬಂತು, ಎರಡರಲ್ಲಿ ಯಾವುದು ಮೊದಲು ಎಂದು ತಿಳಿಯಲಿಲ್ಲ. ಪಾಪಾತಿ ಕೈಮುಗಿದು ಕಣ್ಣು ಒರೆಸಿಕೊಂಡಳು, ಸುದ್ದಿ ಹೇಳಲು ಒಬ್ಬಿಬ್ಬರು ಆಗಲೇ ಫೋನು ತೆಗೆದಿದ್ದರು.

“ಇನ್ನು ನೀ ಆ ಹೊಟ್ಟೆಗೆ ಯಾವತ್ತೂ ಕತ್ತಿ ಮುಟ್ಟಿಸ್ಬಾರ್ದು, ತೇನು” ಅಂದಳು ಮಾತಿ. “ಹೆತ್ತೆಯಮ್ಮ ವಾಸಿ ಮಾಡಿದ ಹೊಟ್ಟೆ ಅದು. ಎನ್ನ ಮೇಲೆ ಆಣೆ.”

“ಆತು ಮಾಮಿ” ಅಂದಳು ತೇನ್ಮೊಳಿ.

ಪಾಪಾತಿ ಡಬ್ಬಿಯ ಮುಚ್ಚಳ ತೆಗೆದಳು. ಮಾತಿ ತಿನ್ನುವ ಹಾಗಿರಲಿಲ್ಲ, ತಂದದ್ದನ್ನು ವಾಪಸು ಒಯ್ಯುವ ವಾಡಿಕೆಯೂ ಇರಲಿಲ್ಲ. ಹಾಲು ಬಿಟ್ಟರೆ ಇಡೀ ದಿನ ಏನೂ ಕಾಣದ ತೇನ್ಮೊಳಿ ತಟ್ಟೆ ತೆಗೆದುಕೊಂಡಳು. ಹಟ್ಟಿಯವರೆಲ್ಲ ಸುತ್ತ ನಿಂತು ನೋಡುತ್ತಿದ್ದರು. ಅವಳು ಅತ್ತೆಯ ಚಪ್ಪಟೆ ಹೊಟ್ಟೆಯನ್ನೇ ನೋಡುತ್ತ, ಎರಡನೇ ಸಲವೂ ಬಡಿಸಿಕೊಂಡು ತಿಂದಳು.